ಮುಂಬೈಯಲ್ಲಿ ಪವಾಡಕ್ಕೆ ಕಾದ ಮೈಸೂರಿನ ದನಿ

ಧ್ವನಿಮುದ್ರಣ ಕಂಪನಿಗಳು ಬೇಡವೆಂದ ಹಾಡುಗಳನ್ನು ಕೊನೆಗೆ ಹೊರತಂದವರು ಸಿನಿಮಾ ಸಂಗೀತದ ಜೋಡಿ. ಸಯನ್-ಮಾಟುಂಗಾದ ಕನ್ನಡ ಸಭಾಂಗಣಗಳ ಹಾದಿ ತುಳಿಯದೆ, ಷರೀಫರ ಎರಡು ತತ್ವಪದಗಳನ್ನು ಕಟ್ಟಿಕೊಂಡು ಮುಂಬೈಗೆ ಬಂದ ರಘು ದೀಕ್ಷಿತ್ ಅವರ ಮೊದಲ ಆಲ್ಬಮ್ಮಿನ ಕಥೆ.

ಜುಲೈ ತಿಂಗಳ ಮಳೆ ಬಿಡದೆ ಹಿಡಿದ ಒಂದೆರಡು ತಾಸುಗಳಲ್ಲಿ ಕಿಂಗ್ಸ್ ಸರ್ಕಲ್ಲಿನ ಗಾಂಧಿ ಮಾರ್ಕೆಟ್ಟಿನ ಮುಂದೆ ನೀರು ಮೊಣಕಾಲಿಗೆ ಏರುತ್ತದೆ, ಸಯನ್‌ನ 24ನೆಯ ನಂಬರಿನ ರಸ್ತೆ ಕಾಲುವೆಯಾಗುತ್ತದೆ, ಬೆಂಗಳೂರು, ಹುಬ್ಬಳ್ಳಿ, ಮಂಗಳೂರುಗಳ ಖಾಸಗಿ ಬಸ್ಸಿಗಾಗಿ ಹೆದ್ದಾರಿಯ ಅಂಚಿನಲ್ಲಿ ನಿಂತವರು ಚೀಲಗಳನ್ನು ತಲೆಯ ಮೇಲೆ ಏರಿಸಿಕೊಳ್ಳುತ್ತಾರೆ. ಹಳೆಯ ಕಟ್ಟಡಗಳ ತಾರಸಿಗೆ ನೀಲಿ ಟಾರ್ಪಾಲು ಹೊದಿಸಿದ್ದರೂ ಮೇಲಿನ ಮಹಡಿಯ ಮನೆಗಳಲ್ಲಿ ಬಕೆಟ್ಟುಗಳು ಸಾಲಾಗಿ ಕೂರುತ್ತವೆ.

ಮಳೆಗಾಲದ ಈ ಸೋರಿಕೆಯನ್ನೇ ಆಧ್ಯಾತ್ಮದ ರೂಪಕವಾಗಿಸಿದ ಕವಿ ಶಿಶುನಾಳ ಷರೀಫರು (1819–1889). ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಹಳ್ಳಿಯಲ್ಲಿ ಹುಟ್ಟಿ, ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಪಡೆದ ಷರೀಫರ 'ಸೋರುತಿಹುದು ಮನೆಯ ಮಾಳಿಗಿ' ಎಂಬ ತತ್ವಪದ, ಅಂದರೆ ದಿನಬಳಕೆಯ ವಸ್ತುವಿನ ನೆಪದಲ್ಲಿ ಆತ್ಮವಿಚಾರವನ್ನು ಹೇಳುವ ಹಾಡು, ಉತ್ತರ ಕರ್ನಾಟಕದ ಭಜನಾ ಮೇಳಗಳಿಂದ ಹೊರಟು ಧ್ವನಿಸುರುಳಿಗಳಿಗೆ, ಸಿನಿಮಾಕ್ಕೆ ಹರಿದು ಬಂದು, 2008ರಲ್ಲಿ ಗಿಟಾರು, ಪಿಟೀಲುಗಳ ಬ್ಯಾಂಡ್ ಸಂಗೀತವಾಗಿ ಮುಂಬೈಯಿಂದ ಹೊರಬಿತ್ತು. ಅದನ್ನು ಹಾಡಿದವರು ಅದುವರೆಗೆ ಒಂದೂ ಆಲ್ಬಮ್ ಇಲ್ಲದ ಮೈಸೂರಿನ ಗಾಯಕ ರಘು ದೀಕ್ಷಿತ್.

ಪಾಪ್ ಸಂಗೀತದಲ್ಲಿ ಮೊದಲ ಆಲ್ಬಮ್ ಸಾಮಾನ್ಯವಾಗಿ ಇಪ್ಪತ್ತರ ಆಸುಪಾಸಿನ ಸಾಹಸವಾದರೆ, 1974ರ ನವೆಂಬರಿನಲ್ಲಿ ಹುಟ್ಟಿದ ದೀಕ್ಷಿತ್ ಅವರಿಗೆ ಅದು ಒಲಿದಾಗ ಮೂವತ್ಮೂರು ವರ್ಷ. ಈ ತಡವನ್ನು ಕಲಾವಿದನ ಹಿಂಜರಿಕೆಯ ಲೆಕ್ಕಕ್ಕೆ ಬರೆಯುವುದು ಸರಿಯಾಗದು. ಆ ಕಾಲದ ಭಾರತದಲ್ಲಿ ಸಿನಿಮಾಕ್ಕೆ ಸೇರದ ಹಾಡನ್ನು ಕೊಳ್ಳುವವರೇ ಇರಲಿಲ್ಲ ಎಂಬುದು ಅದಕ್ಕೆ ನಿಜವಾದ ಕಾರಣ.

ಪ್ರಯೋಗಾಲಯದಿಂದ ವೇದಿಕೆಗೆ

ದೀಕ್ಷಿತ್ ಹುಟ್ಟಿದ್ದು ಮಹಾರಾಷ್ಟ್ರದ ನಾಸಿಕದಲ್ಲಿ, ಬೆಳೆದದ್ದು ಮೈಸೂರಿನಲ್ಲಿ. ಸೂಕ್ಷ್ಮಜೀವಿಶಾಸ್ತ್ರದ ಸ್ನಾತಕೋತ್ತರ ಪದವಿಯಲ್ಲಿ ಚಿನ್ನದ ಪದಕ, ಭರತನಾಟ್ಯದಲ್ಲಿ ವಿದ್ವತ್ ಮಟ್ಟದ ಶಿಕ್ಷಣ, ಸಂಪ್ರದಾಯಸ್ಥ ಮನೆತನ, ಇವು ಮೂರೂ ಸೇರಿದ ಯುವಕನ ಕೈಗೆ ಗಿಟಾರು ಬಂದದ್ದು ಪಂದ್ಯದ ರೂಪದಲ್ಲಿ: ನೃತ್ಯ ಕಲಿಯುವ ಹುಡುಗನೆಂದು ಛೇಡಿಸಿದ ಕಾಲೇಜಿನ ಗೆಳೆಯನೊಂದಿಗೆ ಸವಾಲು ಕಟ್ಟಿ, ಗುರುವಿಲ್ಲದೆಯೇ ಅವರು ಆ ವಾದ್ಯವನ್ನು ಕಲಿತರು. ನೃತ್ಯದ ತಾಳಜ್ಞಾನ ಮುಂದೆ ಅವರ ಹಾಡುಗಾರಿಕೆಗೆ ಎಷ್ಟು ನೆರವಾಯಿತೆಂಬುದಕ್ಕೆ, ವೇದಿಕೆಯ ಮೇಲೆ ಬಣ್ಣದ ಲುಂಗಿಯುಟ್ಟು ಕಾಲಿಗೆ ಗೆಜ್ಜೆ ಕಟ್ಟಿ ಗಿಟಾರು ನುಡಿಸುವ ಅವರ ಪರಿಯೇ ಸಾಕ್ಷಿ.

ಪಿಟೀಲು ವಾದಕ ಎಚ್.ಎನ್. ಭಾಸ್ಕರ್ ಅವರ ಜೊತೆ ಸೇರಿ 1990ರ ದಶಕದ ಕೊನೆಯಲ್ಲಿ ಅವರು ಕಟ್ಟಿದ ತಂಡ 'ಅಂತರಾಗ್ನಿ'. ಔಷಧ ಕಂಪನಿಯ ಕೆಲಸದ ಮೇಲೆ ಬೆಲ್ಜಿಯಮ್ಮಿಗೆ ಹೋಗಿದ್ದಾಗ ಅಲ್ಲಿನ ರೇಡಿಯೊದಲ್ಲಿ ಹಾಡುವ ಅವಕಾಶ ದೊರೆತು, ಕೇಳುಗರ ಮೆಚ್ಚುಗೆ ಕಂಡ ಮೇಲೆ ನೌಕರಿ ಬಿಟ್ಟು ಸಂಗೀತವನ್ನೇ ನೆಚ್ಚುವ ನಿರ್ಧಾರ ಗಟ್ಟಿಯಾಯಿತು. 2005ರ ಹೊತ್ತಿಗೆ ಅಂತರಾಗ್ನಿ ಚದುರಿದಾಗ ಅದರ ಜಾಗದಲ್ಲಿ ಹುಟ್ಟಿದ 'ರಘು ದೀಕ್ಷಿತ್ ಪ್ರಾಜೆಕ್ಟ್', ಖಾಯಂ ಸದಸ್ಯರಿಗಿಂತ ಬಂದುಹೋಗುವ ಕಲಾವಿದರಿಗೆ ಬಾಗಿಲು ತೆರೆದಿಟ್ಟ ಸಡಿಲ ಕೂಟವಾಗಿತ್ತು.

ಔಷಧೋದ್ಯಮಕ್ಕೂ ಕನ್ನಡದ ಹಾಡಿಗೂ ಮುಂಬೈಯ ಮೂಲಕ ಇನ್ನೊಂದು ನಂಟಿದೆ ಎಂಬುದನ್ನು ಇಲ್ಲಿಯೇ ಹೇಳಿಬಿಡಬಹುದು. ಜೀವರಸಾಯನಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದ ಜಯಂತ ಕಾಯ್ಕಿಣಿ ಮುಂಬೈಯ ಔಷಧ ಕಂಪನಿಯಲ್ಲಿ ದುಡಿಯುತ್ತಲೇ ಕಥೆಗಾರರಾಗಿ ಬೆಳೆದು, 2006ರ ಕೊನೆಯಲ್ಲಿ ತೆರೆಕಂಡ 'ಮುಂಗಾರು ಮಳೆ'ಯ ಹಾಡುಗಳಿಂದ ಕನ್ನಡ ಸಿನಿಮಾಗೀತೆಯ ದಿಕ್ಕನ್ನೇ ಬದಲಿಸಿದರು. ಅದರ ಅತ್ಯಂತ ಜನಪ್ರಿಯ ಹಾಡಿಗೆ ದನಿಯಾದವರು ಮುಂಬೈಯ ಸೋನು ನಿಗಮ್. ಮುಂಬೈಯ ಕಂಠಗಳು ಕನ್ನಡ ಸಿನಿಮಾವನ್ನು ಆಳತೊಡಗಿದ ಅದೇ ವರ್ಷಗಳಲ್ಲಿ, ಕರ್ನಾಟಕದ ಹಳ್ಳಿಯ ತತ್ವಪದವನ್ನು ಮುಂಬೈಗೆ ಮಾರಲು ಹೊರಟ ಗಾಯಕನದು ಪ್ರವಾಹಕ್ಕೆ ಎದುರಾದ ಈಜು.

ಇಂಡಿಪಾಪ್‌ನ ಉಬ್ಬರ, ಇಳಿತ

ಹತ್ತು ವರ್ಷ ಮೊದಲು ಬಂದಿದ್ದರೆ ಅವರ ದಾರಿ ಸುಗಮವಾಗಿರುತ್ತಿತ್ತೇನೋ. ಉಪಗ್ರಹ ಟಿ.ವಿ. ಬಂದು ಎಂ.ಟಿ.ವಿ., ಚಾನೆಲ್ ವಿ ಮೊದಲಾದ ಸಂಗೀತ ವಾಹಿನಿಗಳಿಗೆ ಹೊತ್ತು ತುಂಬಲು ಹೊಸ ಹಾಡುಗಳು ಬೇಕಾದಾಗ, ಸಿನಿಮಾದ ಹೊರಗಿನ ಜನಪ್ರಿಯ ಸಂಗೀತಕ್ಕೆ 'ಇಂಡಿಪಾಪ್' ಎಂಬ ಹೆಸರು ಬಂತು. ಅಲಿಷಾ ಚಿನಾಯ್ ಅವರ 'ಮೇಡ್ ಇನ್ ಇಂಡಿಯಾ' (1995), ಲಕ್ಕಿ ಅಲಿ ಅವರ 'ಸುನೋ' (1996), ಸಿಲ್ಕ್ ರೂಟ್ ತಂಡದ 'ಬೂಂದೇಂ' (1998) ಆ ಅಲೆಯ ಗುರುತುಗಳು.

ಆ ಪಟ್ಟಿಯಲ್ಲಿ ಸಯನ್‌ಗೂ ಪಾಲಿದೆ. ಇಲ್ಲಿನ ಎಸ್.ಐ.ಇ.ಎಸ್. ಕಾಲೇಜಿನಲ್ಲಿ ಓದಿದ ಹರಿಹರನ್, ಲೆಸ್ಲಿ ಲೂಯಿಸ್ ಜೊತೆಗೂಡಿ 1996ರಲ್ಲಿ ತಂದ 'ಕಲೋನಿಯಲ್ ಕಸಿನ್ಸ್', ಕರ್ನಾಟಕ ಸಂಗೀತದ ಆಲಾಪವನ್ನು ಇಂಗ್ಲಿಷ್ ಪಾಪ್‌ನೊಂದಿಗೆ ಹೆಣೆದ ಮೊದಲ ದೊಡ್ಡ ಯಶಸ್ಸಾಗಿತ್ತು. ಮಾಟುಂಗಾ-ಸಯನ್‌ನ ದಕ್ಷಿಣ ಭಾರತೀಯ ಮನೆಗಳಲ್ಲಿ ಸಂಜೆಯ ಕಛೇರಿಯೂ ಹಿಂದಿ ಸಿನಿಮಾ ಹಾಡೂ ಇಂಗ್ಲಿಷ್ ರೇಡಿಯೊವೂ ಒಂದೇ ಗೋಡೆಯ ಆಚೆಈಚೆ ಕೇಳುತ್ತಿದ್ದುದರಿಂದ ಅಂತಹ ಮಿಶ್ರಣ ಇಲ್ಲಿನ ಕಿವಿಗೆ ಹೊಸದೇನಾಗಿರಲಿಲ್ಲ.

ಆದರೆ 2000ದ ನಂತರ ಅಲೆ ಇಳಿಯಿತು. ಸಂಗೀತ ವಾಹಿನಿಗಳು ಸಿನಿಮಾ ಹಾಡು ಮತ್ತು ರಿಯಾಲಿಟಿ ಕಾರ್ಯಕ್ರಮಗಳ ಕಡೆಗೆ ವಾಲಿದವು, ಎಂ.ಪಿ.3 ನಕಲುಗಳು ಕ್ಯಾಸೆಟ್ಟು, ಸಿ.ಡಿ.ಗಳ ಮಾರಾಟವನ್ನು ತಿಂದುಹಾಕಿದವು. ಮೊಬೈಲಿನ ಕಾಲರ್ ಟ್ಯೂನ್ ಕಂಪನಿಗಳ ಹೊಸ ವರಮಾನವಾದಾಗ, ಮೂವತ್ತು ಸೆಕೆಂಡಿನಲ್ಲಿ ಗುರುತು ಹತ್ತುವ ಸಿನಿಮಾ ಪಲ್ಲವಿಯೇ ಅದಕ್ಕೆ ಹೆಚ್ಚು ಒಗ್ಗಿತು. ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಹಾಡುವ, ಯಾವ ಕಪಾಟಿಗೂ ಸೇರದ ಗಾಯಕನನ್ನು ಈ ಹೊತ್ತಿನಲ್ಲಿ ಧ್ವನಿಮುದ್ರಣ ಕಂಪನಿಗಳು ವರ್ಷಗಟ್ಟಲೆ ತಿರಸ್ಕರಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆಲ್ಬಮ್ಮಿನ ಒಂದು ಇಂಗ್ಲಿಷ್ ಹಾಡಿಗೆ 'ಐಯಾಮ್ ಇನ್ ಮುಂಬೈ, ವೇಟಿಂಗ್ ಫಾರ್ ಎ ಮಿರಾಕಲ್', ಮುಂಬೈಯಲ್ಲಿ ಪವಾಡಕ್ಕೆ ಕಾಯುತ್ತಿದ್ದೇನೆ, ಎಂಬ ಶೀರ್ಷಿಕೆ ದೊರೆತದ್ದು ಆ ಅಲೆದಾಟದ ಫಲ.

> ಏನಿದು 'ಇಂಡೀ'?
> ದೊಡ್ಡ ಕಂಪನಿಯ ಹಂಗಿಲ್ಲದೆ, ಕಲಾವಿದರೇ ಬರೆದು, ಸ್ವರ ಹಾಕಿ, ಸಣ್ಣ 'ಲೇಬಲ್' (ಹಾಡನ್ನು ಮುದ್ರಿಸಿ ಮಾರುವ ಸಂಸ್ಥೆ) ಮೂಲಕವೋ ಸ್ವಂತವಾಗಿಯೋ ಹೊರತರುವ ಸಂಗೀತ. ಇಂಗ್ಲಿಷಿನಲ್ಲಿ 'ಸ್ವತಂತ್ರ' ಎಂಬರ್ಥದ ಪದದ ಮೊಟಕು ರೂಪ.
> ಭಾರತದಲ್ಲಿ ಇದಕ್ಕೆ ಇನ್ನೊಂದು ಅರ್ಥವೂ ಸೇರಿದೆ: ಸಿನಿಮಾಕ್ಕೆ ಸೇರದ್ದು.
> ಸಿನಿಮಾ ಹಾಡಿನ ಹಕ್ಕು ರೂಢಿಯಲ್ಲಿ ನಿರ್ಮಾಪಕನ ಪಾಲಾಗಿ, ಅವನಿಂದ ಕಂಪನಿಗೆ ಹೋಗುತ್ತಿತ್ತು. ಗೀತರಚನೆಕಾರ ಮತ್ತು ಸ್ವರಸಂಯೋಜಕರಿಗೆ ಬಿಟ್ಟುಕೊಡಲಾಗದ ಗೌರವಧನದ ಪಾಲು ಕಾನೂನಿನಲ್ಲಿ ದಕ್ಕಿದ್ದು 2012ರ ಕೃತಿಸ್ವಾಮ್ಯ ತಿದ್ದುಪಡಿಯಿಂದ.

ಸಿನಿಮಾ ಜೋಡಿಯ ಲೇಬಲ್

ಪವಾಡ ಬಂದ ದಿಕ್ಕು ವಿಚಿತ್ರವಾದದ್ದು. ಮುಂಬೈಯ ಕಾರ್ಯಕ್ರಮವೊಂದರಲ್ಲಿ ದೀಕ್ಷಿತ್ ಅವರ ಹಾಡನ್ನು ಕೇಳಿ ಮೆಚ್ಚಿದವರು ವಿಶಾಲ್ ದದ್ಲಾನಿ ಮತ್ತು ಶೇಖರ್ ರವ್ಜಿಯಾನಿ, ಅಂದರೆ 'ಝಂಕಾರ್ ಬೀಟ್ಸ್' (2003) ಚಿತ್ರದಿಂದ ಹೆಸರು ಮಾಡಿ, 2007ರ 'ಓಂ ಶಾಂತಿ ಓಂ' ಹಾಡುಗಳಿಂದ ಹಿಂದಿ ಸಿನಿಮಾದ ಮುಂಚೂಣಿಗೆ ಬಂದಿದ್ದ ಸಂಗೀತ ನಿರ್ದೇಶಕರ ಜೋಡಿ. ಇವರು ತಮ್ಮ ಸಣ್ಣ ಲೇಬಲ್ 'ಕೌಂಟರ್ ಕಲ್ಚರ್ ರೆಕಾರ್ಡ್ಸ್' ಮೂಲಕ 2008ರಲ್ಲಿ ದೀಕ್ಷಿತ್ ಅವರ ಮೊದಲ ಆಲ್ಬಮ್ ಹೊರತಂದರು. ಆಲ್ಬಮ್ಮಿಗೆ ಗಾಯಕನ ಹೆಸರೇ ಶೀರ್ಷಿಕೆ. ಹಳೆಯ ತಂಡದ ನೆನಪಾಗಿ 'ಅಂತರಾಗ್ನಿ' ಎಂಬ ಹೆಸರೂ ಅದಕ್ಕೆ ಅಂಟಿಕೊಂಡಿತು.

ದದ್ಲಾನಿ 1994ರಲ್ಲಿ ಹುಟ್ಟಿದ 'ಪೆಂಟಾಗ್ರಾಮ್' ರಾಕ್ ತಂಡದ ಗಾಯಕರೂ ಆಗಿದ್ದರಿಂದ, ಸಿನಿಮಾದ ಹೊರಗೆ ಹಾಡುವವನ ಪಾಡು ಅವರಿಗೆ ಹೊಸದಾಗಿರಲಿಲ್ಲ. ಹಾಗಿದ್ದರೂ ಸಿನಿಮಾದಿಂದ ಮುಕ್ತವೆಂದು ಕೊಂಡಾಡಲಾದ ಆಲ್ಬಮ್ಮಿಗೆ ಬೆನ್ನೆಲುಬಾದದ್ದು ಸಿನಿಮಾ ತಂದುಕೊಟ್ಟ ಹೆಸರೇ ಎಂಬುದನ್ನು ಮುಚ್ಚಿಡುವಂತಿಲ್ಲ. ಭಾರತದ ಸ್ವತಂತ್ರ ಸಂಗೀತವನ್ನು ಸಿನಿಮಾದ ವೈರಿಯೆಂದು ಬಣ್ಣಿಸುವ ರೂಢಿ ಪತ್ರಿಕೆಗಳಲ್ಲಿ ಬಲವಾಗಿದೆ. ಈ ಆಲ್ಬಮ್ಮಿನ ಜಾತಕ ಬೇರೆಯದನ್ನೇ ಹೇಳುತ್ತದೆ.

ಇದಕ್ಕೆ ಎರಡನೆಯ ಪುರಾವೆಯೂ ಅದೇ ವರ್ಷದ್ದು. 2008ರಲ್ಲಿ ತೆರೆಕಂಡ ಕನ್ನಡ ಚಿತ್ರ 'ಸೈಕೋ'ಗೆ ದೀಕ್ಷಿತ್ ಸಂಗೀತ ನೀಡಿದರು. ಮಲೆ ಮಹದೇಶ್ವರನ ಭಕ್ತಿಯನ್ನು ಪ್ರೇಮಗೀತೆಯ ಜಾಡಿಗೆ ಹೊರಳಿಸಿದ 'ನಿನ್ನ ಪೂಜೆಗೆ ಬಂದೆ ಮಹದೇಶ್ವರ' ಹಾಡು ಚಿತ್ರಕ್ಕಿಂತಲೂ ಹೆಚ್ಚು ಕಾಲ ಬಾಳಿತು. ಮಹಾನಗರಗಳ ಇಂಗ್ಲಿಷ್ ಬಲ್ಲ ಕೇಳುಗರಿಗೆ ಆಲ್ಬಮ್ ಅವರನ್ನು ಪರಿಚಯಿಸಿತು ಎನ್ನುವುದಾದರೆ, ಕರ್ನಾಟಕದ ಆಟೊ, ಬಸ್ಸು, ಗಣೇಶೋತ್ಸವದ ಪೆಂಡಾಲುಗಳಿಗೆ ಅವರ ದನಿಯನ್ನು ತಲುಪಿಸಿದ್ದು ಈ ಸಿನಿಮಾ ಹಾಡು.

ಎಂಟು ಹಾಡುಗಳ ಒಳಗೆ

ಎಂಟು ಹಾಡುಗಳ ಆಲ್ಬಮ್ಮಿನಲ್ಲಿ ನಾಲ್ಕು ಹಿಂದಿ, ಎರಡು ಇಂಗ್ಲಿಷ್, ಎರಡು ಕನ್ನಡ. 'ಹೇ ಭಗವಾನ್' ವೇದಿಕೆಯ ಮೇಲೆ ಸಭಿಕರನ್ನು ಕುಣಿಸುವ ಪ್ರಾರ್ಥನೆಯಾದರೆ, 'ಮೈಸೂರ್ ಸೇ ಆಯೀ' ಗಾಯಕನ ಊರಿನ ಹೆಸರನ್ನು ಹಿಂದಿ ಕೇಳುಗರ ಬಾಯಿಗೆ ಹತ್ತಿಸಿದ ಹಾಡು. ಇಂಗ್ಲಿಷ್ ಹಾಡುಗಳು ಗಿಟಾರಿನೊಡನೆ ಒಬ್ಬಂಟಿಯಾಗಿ ಹಾಡಿಕೊಳ್ಳುವ ಪಾಶ್ಚಾತ್ಯ ಗೀತಕಾರರ ಮಾದರಿಗೆ ಹತ್ತಿರವಾಗಿದ್ದು, ಆಲ್ಬಮ್ಮಿನ ಉಳಿದ ಭಾಗಕ್ಕೆ ಹೋಲಿಸಿದರೆ ಇವು ಎಲ್ಲಿಯಾದರೂ ಹುಟ್ಟಬಹುದಾಗಿದ್ದ ಹಾಡುಗಳು.

ಕನ್ನಡದ ಎರಡೂ ಷರೀಫರವು: 'ಸೋರುತಿಹುದು ಮನೆಯ ಮಾಳಿಗಿ' ಮತ್ತು 'ಗುಡುಗುಡಿಯ ಸೇದಿ ನೋಡೋ'. ಎರಡನೆಯದರಲ್ಲಿ ಹುಕ್ಕಾವೇ ದೇಹ, ಉರಿಯುವುದು ಮನುಷ್ಯನ ವಿಷಯವಾಸನೆ. ಆಲ್ಬಮ್ಮಿನ ಶಕ್ತಿ ಇರುವುದು ಇಲ್ಲಿ ಎಂಬುದು ಇಷ್ಟು ವರ್ಷಗಳಾಚೆ ನಿಂತು ಕೇಳಿದಾಗ ಇನ್ನೂ ಸ್ಪಷ್ಟವಾಗುತ್ತದೆ. ಷರೀಫರ ಪದಗಳಿಗೆ ಹಾಡುವವನ ಉಸಿರಿಗೆ ತಕ್ಕ ಅಳತೆ ಮೊದಲೇ ಇದೆ. ಏಕತಾರಿ, ದಮ್ಮಡಿಗಳ ಜೊತೆ ಗುಂಪಿನಲ್ಲಿ ಹಾಡಲೆಂದೇ ಕಟ್ಟಿದ ಅವುಗಳ ಪಲ್ಲವಿ ಮತ್ತೆ ಮತ್ತೆ ಮರಳುತ್ತದೆ, ಮರಳಿದಂತೆಲ್ಲ ಬಿರುಸಾಗುತ್ತದೆ. ಪಾಪ್ ಹಾಡಿಗೆ ಬೇಕಾದದ್ದೂ ಇದೇ ಆಗಿರುವುದರಿಂದ, ಗಿಟಾರು ಮತ್ತು ಡ್ರಮ್ಸ್ ಇಲ್ಲಿ ಹೊರಗಿನಿಂದ ಹೇರಿದ ಒಡವೆಯಂತೆ ಕೇಳಿಸುವುದಿಲ್ಲ.

ಷರೀಫರನ್ನು ನಗರದ ಕನ್ನಡಿಗರ ಮನೆಮನೆಗೆ ತಂದವರು ಸಿ. ಅಶ್ವತ್ಥ್ ಎಂಬುದನ್ನು ದೀಕ್ಷಿತ್ ಅವರ ಯಶಸ್ಸಿನ ಸಂಭ್ರಮದಲ್ಲಿ ಮರೆಯಬಾರದು. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' (1978) ಕನ್ನಡ ಭಾವಗೀತೆಯ ಧ್ವನಿಸುರುಳಿಗಳಿಗೆ ನಾಂದಿ ಹಾಡಿದ ಮೇಲೆ, ಅಶ್ವತ್ಥ್ ತಮ್ಮ ಏರುದನಿಯಲ್ಲಿ ಷರೀಫರನ್ನು ಹಾಡಿದರು, ಟಿ.ಎಸ್. ನಾಗಾಭರಣ ನಿರ್ದೇಶನದ 'ಸಂತ ಶಿಶುನಾಳ ಷರೀಫ' (1990) ಚಿತ್ರ ಆ ಹಾಡುಗಳನ್ನು ಹಳ್ಳಿಗಳಿಗೂ ಮರಳಿಸಿತು. ಸಿನಿಮಾದ ಹೊರಗೆ ನಿಂತು, ಕವಿಯ ಮಾತನ್ನು ಮುಂದಿಟ್ಟು, ಧ್ವನಿಸುರುಳಿ ಮಾರಿ ಬದುಕಿದ ಸುಗಮ ಸಂಗೀತವೇ ಕನ್ನಡದ ಮೊದಲ ಇಂಡೀ ಸಂಗೀತ ಎಂದರೆ ತಪ್ಪೇನಿಲ್ಲ. ದೀಕ್ಷಿತ್ ಮಾಡಿದ ಬದಲಾವಣೆ ಬೇರೆಡೆ ಇದೆ: ಅಶ್ವತ್ಥರ ಷರೀಫ ಕನ್ನಡಿಗರನ್ನು ಉದ್ದೇಶಿಸಿ ಹಾಡುತ್ತಿದ್ದರೆ, ಇವರ ಷರೀಫ ಕನ್ನಡದ ಒಂದಕ್ಷರವೂ ಬಾರದ ಸಭೆಯ ಮುಂದೆ ನಿಂತ.

ಸಭಾಂಗಣದ ಕನ್ನಡ, ಪಬ್ಬಿನ ಕನ್ನಡ

ಆ ಸಭೆ ಸಯನ್-ಮಾಟುಂಗಾದ್ದಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಮುಂಬೈಯಲ್ಲಿ ಕನ್ನಡದ ಸಂಗೀತಕ್ಕೆ ನೆಲೆ ಎಂದೊಡನೆ ನೆನಪಾಗುವುದು ಈ ಪಟ್ಟಿಯೇ: ಮಾಟುಂಗಾದ ಭಾವು ದಾಜಿ ರಸ್ತೆಯಲ್ಲಿ 1926ರಿಂದ ಬಾಳಿ ಬಂದಿರುವ ಮೈಸೂರು ಅಸೋಸಿಯೇಷನ್, ಅದರಾಚೆ ಕರ್ನಾಟಕ ಸಂಘ, ಅಲ್ಲಿಂದ ಸಯನ್ ಕಡೆಗೆ ನಡೆದರೆ ಷಣ್ಮುಖಾನಂದ ಸಭಾಂಗಣ. ಯಕ್ಷಗಾನ, ನಾಟಕ, ಭಾವಗೀತೆ, ಶಾಸ್ತ್ರೀಯ ಕಛೇರಿಗಳನ್ನು ಇಲ್ಲಿನ ಸಂಘಗಳು ಚಂದಾ ಎತ್ತಿ, ರಜಾದಿನಗಳಲ್ಲಿ ಬೆವರು ಸುರಿಸಿ ತಲೆಮಾರುಗಳಿಂದ ಉಳಿಸಿಕೊಂಡು ಬಂದಿವೆ.

ಆದರೆ ಧ್ವನಿಮುದ್ರಣದ ವ್ಯಾಪಾರ ಇರುವುದು ಬಾಂದ್ರಾ, ಅಂಧೇರಿಗಳ ಕಡೆ. ಸಯನ್‌ನಿಂದ ಧಾರಾವಿಯ ಲಿಂಕ್ ರಸ್ತೆ ಹಿಡಿದರೆ ಬಾಂದ್ರಾ ಕೆಲವೇ ಕಿಲೋಮೀಟರು. ಹಾಡಿನ ಲೋಕದಲ್ಲಿ ಆ ಅಂತರ ಬಹಳ ದೊಡ್ಡದು. ಸಂಘದ ವೇದಿಕೆ ತಾಯ್ನುಡಿಯನ್ನು ಉಳಿಸುವ ಹೊಣೆ ಹೊತ್ತಿರುವುದರಿಂದ ಬಂದವರಿಗೆಲ್ಲ ಪರಿಚಿತ ಹಾಡನ್ನು ಪರಿಚಿತ ರೀತಿಯಲ್ಲಿ ಕೇಳಿಸಬೇಕಾಗುತ್ತದೆ. ಪಬ್ಬಿನ ವೇದಿಕೆಗೆ ಆ ಹೊಣೆಯಿಲ್ಲ, ಹಾಗೆಂದು ಕೇಳುಗರು ಕಿವಿಗೊಟ್ಟೇ ಕೊಡುತ್ತಾರೆಂಬ ಖಾತರಿಯೂ ಇಲ್ಲ. ಮಾತು ತಿಳಿಯದ ಗದ್ದಲದ ಕೋಣೆಯಲ್ಲಿ ಗಮನ ಸೆಳೆಯಲು ಗೆಜ್ಜೆ, ಲುಂಗಿ, ಸಭಿಕರ ಕೂಡುದನಿ, ಹಾಡಿನ ಮುನ್ನ ಅರ್ಥ ಬಿಡಿಸಿ ಹೇಳುವ ಹರಿಕಥೆಯ ಧಾಟಿ, ಇವೆಲ್ಲ ಅಗತ್ಯವಾದವು. ದೀಕ್ಷಿತ್ ಅವರ ವೇದಿಕೆಯ ಶೈಲಿಯನ್ನು ತೋರಿಕೆಯೆಂದು ತಳ್ಳಿಹಾಕುವ ಸಂಪ್ರದಾಯಸ್ಥ ವಿಮರ್ಶೆ ಈ ಅನಿವಾರ್ಯವನ್ನು ಗಮನಿಸಿದಂತೆ ಕಾಣುವುದಿಲ್ಲ.

> ಸಯನ್: ಕಿರುನೋಟ
> ಮುಂಬೈ ದ್ವೀಪನಗರದ ಉತ್ತರದ ಅಂಚು. ಉಪನಗರಗಳಿಗೆ ಇಲ್ಲಿಂದಲೇ ದಾರಿ.
> ಗುಡ್ಡದ ಮೇಲಿನ ಕೋಟೆ ಗವರ್ನರ್ ಜೆರಾಲ್ಡ್ ಆಂಜಿಯರ್ ಕಾಲದ್ದು (1669–1677).
> 1932ರಲ್ಲಿ ಹುಟ್ಟಿದ ಸೌತ್ ಇಂಡಿಯನ್ ಎಜುಕೇಷನ್ ಸೊಸೈಟಿಯ ಕಾಲೇಜು ಇಲ್ಲಿದೆ.
> ಷಣ್ಮುಖಾನಂದ ಸಭೆ ಸ್ಥಾಪನೆಯಾದದ್ದು 1952ರಲ್ಲಿ, ಸಭಾಂಗಣ ತೆರೆದದ್ದು 1963ರಲ್ಲಿ. 1990ರ ಬೆಂಕಿ ಅನಾಹುತದ ನಂತರ ಪುನರ್ನಿರ್ಮಾಣ. ಆಸನಗಳು 2,700ಕ್ಕೂ ಹೆಚ್ಚು.

ಲಂಡನ್ನಿನ ಕಪಾಟು

ಆಲ್ಬಮ್ಮಿನ ಎರಡನೆಯ ಜನ್ಮ ಬ್ರಿಟನ್ನಿನಲ್ಲಿ ಆಯಿತು. ಅಲ್ಲಿನ ಉತ್ಸವಗಳಲ್ಲಿ ಹಾಡುತ್ತ ಹೆಸರು ಗಳಿಸತೊಡಗಿದ ತಂಡಕ್ಕೆ 2010ರಲ್ಲಿ ಬಿ.ಬಿ.ಸಿ.ಯ 'ಲೇಟರ್ ವಿತ್ ಜೂಲ್ಸ್ ಹಾಲೆಂಡ್' ಕಾರ್ಯಕ್ರಮದ ಕರೆ ಬಂತು. ಹೆಸರಾಂತ ತಂಡಗಳನ್ನೂ ಅಪರಿಚಿತರನ್ನೂ ಒಂದೇ ಸ್ಟುಡಿಯೊದಲ್ಲಿ ಎದುರುಬದುರಾಗಿ ನಿಲ್ಲಿಸಿ ಸರದಿಯಂತೆ ನೇರವಾಗಿ ಹಾಡಿಸುವುದು ಆ ಕಾರ್ಯಕ್ರಮದ ಕ್ರಮ; ಹೊಸಬರ ಪಾಲಿಗೆ ಅದಕ್ಕಿಂತ ದೊಡ್ಡ ಕಿಟಕಿ ಬ್ರಿಟಿಷ್ ಟಿ.ವಿ.ಯಲ್ಲಿ ಆಗ ಇರಲಿಲ್ಲ. ಅದು ಪ್ರಸಾರವಾದ ಬೆನ್ನಿಗೆ ದೀಕ್ಷಿತ್ ಅವರ ಆಲ್ಬಮ್, ಆ್ಯಪಲ್ ಕಂಪನಿಯ ಅಂತರ್ಜಾಲ ಸಂಗೀತ ಮಳಿಗೆಯಾದ ಐಟ್ಯೂನ್ಸ್‌ನ ಬ್ರಿಟನ್ ಶಾಖೆಯಲ್ಲಿ 'ವರ್ಲ್ಡ್ ಮ್ಯೂಸಿಕ್' ಪಟ್ಟಿಯ ಮೊದಲ ಸ್ಥಾನಕ್ಕೇರಿತು.

ಈ 'ವರ್ಲ್ಡ್ ಮ್ಯೂಸಿಕ್' ಸಂಗೀತದ ಪ್ರಕಾರವೇನಲ್ಲ. 1987ರಲ್ಲಿ ಲಂಡನ್ನಿನ ಸಣ್ಣ ಧ್ವನಿಮುದ್ರಣ ಕಂಪನಿಗಳ ಕೆಲವರು ಪಬ್ಬೊಂದರಲ್ಲಿ ಸಭೆ ಸೇರಿ, ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕಗಳ ತಟ್ಟೆಗಳನ್ನು ಅಂಗಡಿಯ ಯಾವ ಕಪಾಟಿನಲ್ಲಿಡಬೇಕೆಂಬ ಗೊಂದಲ ಪರಿಹರಿಸಲು ಒಪ್ಪಿಕೊಂಡ ಹಣೆಪಟ್ಟಿ ಅದು. ಕಪಾಟಿಲ್ಲವೆಂದು ಮುಂಬೈಯ ಕಂಪನಿಗಳು ಮರಳಿಸಿದ ಹಾಡುಗಳಿಗೆ ಹೀಗೆ ಹೊರನಾಡಿನಲ್ಲಿ ಸಿದ್ಧ ಕಪಾಟೊಂದು ಸಿಕ್ಕಿತು. ಅಲ್ಲಿ ಷರೀಫರ ಪಕ್ಕದಲ್ಲಿ ಮಾಲಿ ದೇಶದ ಕೋರಾ ವಾದಕರೂ ಪೋರ್ಚುಗಲ್ಲಿನ ಫಾದೊ ಗಾಯಕಿಯರೂ ಇದ್ದರು. ಒಂದರೊಡನೊಂದು ಏನೂ ಸಂಬಂಧವಿಲ್ಲದ ಸಂಗೀತಗಳನ್ನು ಗುಡ್ಡೆ ಹಾಕಿದ ಆ ಹಣೆಪಟ್ಟಿಯನ್ನು ಅನೇಕ ಕಲಾವಿದರು ಟೀಕಿಸಿದ್ದಾರೆ. ದೀಕ್ಷಿತ್ ಅವರಿಗಂತೂ ಅದರಿಂದ ಲಾಭವೇ ಆಯಿತು: 2011ರಲ್ಲಿ ಆ ಕ್ಷೇತ್ರದ ಮುಖ್ಯ ಬ್ರಿಟಿಷ್ ನಿಯತಕಾಲಿಕ 'ಸಾಂಗ್‌ಲೈನ್ಸ್' ಅವರಿಗೆ ಅತ್ಯುತ್ತಮ ಹೊಸ ಕಲಾವಿದ ಪ್ರಶಸ್ತಿ ನೀಡಿತು, ಅದೇ ವರ್ಷ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ತಂಡ ಹಾಡಿತು.

ವಿದೇಶದಲ್ಲಿ ಸಿಕ್ಕ ಮನ್ನಣೆ ಸ್ವದೇಶದ ಬೇಡಿಕೆಯನ್ನು ಹೆಚ್ಚಿಸುವುದು ಹಳೆಯ ಕಥೆ. ಇಲ್ಲಿ ಅದರ ಫಲ ಸಿ.ಡಿ. ಮಾರಾಟದಲ್ಲಿ ಕಾಣುವಂತಿರಲಿಲ್ಲ, ಏಕೆಂದರೆ ಸಿ.ಡಿ.ಯೇ ಕಣ್ಮರೆಯಾಗುತ್ತಿತ್ತು, ಮುಂಬೈ ಕಾಲಾ ಘೋಡಾದ ಪ್ರಸಿದ್ಧ ಸಂಗೀತ ಮಳಿಗೆ ರಿದಂ ಹೌಸ್ ಕೂಡ 2016ರಲ್ಲಿ ಬಾಗಿಲು ಹಾಕಿತು. ಆಲ್ಬಮ್ ಅಂದರೆ ಇನ್ನು ಗಳಿಕೆಯ ಮೂಲವಲ್ಲ, ಕಾರ್ಯಕ್ರಮಗಳಿಗೆ ಕರೆ ತರುವ ಆಹ್ವಾನಪತ್ರಿಕೆ ಎಂಬ ಹೊಸ ಲೆಕ್ಕಾಚಾರಕ್ಕೆ ಭಾರತದ ತಂಡಗಳು ಹೊಂದಿಕೊಂಡವು. ಮೈಸೂರಿನ ವಾಸು ದೀಕ್ಷಿತ್ ಮುಂದಾಳಾಗಿದ್ದ ಬೆಂಗಳೂರಿನ 'ಸ್ವರಾತ್ಮ' ತಂಡದ ಮೊದಲ ಆಲ್ಬಮ್ 2009ರಲ್ಲಿ ಬಂದಾಗ, ಜನಪದ ಮತ್ತು ರಾಕ್ ಬೆರೆತ ಕನ್ನಡದ ಹಾಡಿಗೆ ಕೇಳುಗರು ಆಗಲೇ ತಯಾರಾಗಿದ್ದರು.

ರಘು ದೀಕ್ಷಿತ್ ಈ ನಡುವೆ 'ಕ್ವಿಕ್ ಗನ್ ಮುರುಗನ್' (2009), ಕನ್ನಡದ 'ಜಸ್ಟ್ ಮಾತ್ ಮಾತಲ್ಲಿ' (2010) ಚಿತ್ರಗಳಿಗೆ ಸಂಗೀತ ನೀಡುತ್ತ, ಎರಡನೆಯ ಆಲ್ಬಮ್ಮಿಗೆ ಐದು ವರ್ಷ ತೆಗೆದುಕೊಂಡರು. 2013ರಲ್ಲಿ ಹೊರಬಂದ ಆ 'ಜಗ್ ಚಂಗಾ'ದ ಹೆಸರು ಪಂಜಾಬಿಯದಾದರೂ ಷರೀಫರು ಅದರಲ್ಲಿಯೂ ಜಾಗ ಬಿಟ್ಟುಕೊಡಲಿಲ್ಲ: 'ಲೋಕದ ಕಾಳಜಿ' ಮತ್ತು 'ಕೋಡಗನ ಕೋಳಿ ನುಂಗಿತ್ತ' ಎರಡೂ ಅದರಲ್ಲಿವೆ.